ನಾಲ್ಕನೇ ನಟ್ಟಿನ ಕೆಂಪು ಗೆರೆ

ಫೆಬ್ರವರಿ 4

ಪ್ರೀತಿಯ ಅಕ್ಕ,

ಫೋನು ಬಿಟ್ಟು ಇವನಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಅಂತ ಹುಬ್ಬೇರಿಸಬೇಡ. ಅಪ್ಪನ ಕಿವಿ ಮಂದವಾದ ಮೇಲೆ ನಮ್ಮ ಮನೆಯಲ್ಲಿ ಫೋನೆಲ್ಲ ಸ್ಪೀಕರಿನಲ್ಲೇ ನಡೆಯುತ್ತದೆ. ಅಲ್ಲಿ ನೀನು ಕೆಮ್ಮಿದರೆ ಇಲ್ಲಿ ಪಕ್ಕದ ಮನೆಯವರು ಬಿಸಿನೀರು ತಂದುಕೊಡುತ್ತಾರೆ. ಅದೂ ಅಲ್ಲದೆ ಫೋನಿನಲ್ಲಿ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ಜಗಳ ತಲುಪುವುದಕ್ಕೆ ನಾಲ್ಕು ದಿನವಾದರೂ ಬೇಕು.

ಸುದ್ದಿ ಏನಪ್ಪಾ ಅಂದರೆ, ಅಪ್ಪನ ಹಾಯಿದೋಣಿ ನೀರಿಗಿಳಿಯುವ ದಿನ ಗೊತ್ತಾಯಿತು. ಏಪ್ರಿಲ್ 20, ಭಾನುವಾರ. ಕ್ರೇನ್ ಬರುವುದು ಅವತ್ತೇ. ಮೂವತ್ತನಾಲ್ಕು ವರ್ಷ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿದ್ದ ದೋಣಿ! "ನಾನಿರೋವರೆಗೂ ಅದು ನೀರು ಮುಟ್ಟಬಾರ್ದು" ಅಂತ ಅಮ್ಮ ಹೇಳಿದ್ದು ನನಗೂ ನೆನಪಿದೆ, ಅಪ್ಪನಿಗೂ ನೆನಪಿದೆ. ಅಮ್ಮ ಇದ್ದಷ್ಟು ದಿನ ಅಪ್ಪ ಒಂದು ದಿನವೂ ಆ ಮಾತು ಮೀರಲಿಲ್ಲ. ಅಮ್ಮ ಹೋಗಿ ಎರಡು ವರ್ಷವಾಯಿತು. ಅಪ್ಪನಿಗೆ ಎಪ್ಪತ್ತಾರು. "ಒಂದು ಸಲ ಕಣೋ ಮರಿ. ಒಂದೇ ಸಲ ದೀಪಸ್ತಂಭದವರೆಗೆ ಹೋಗಿ ಬರೋಣ. ಆಮೇಲೆ ಬೇಕಾದ್ರೆ ಅದನ್ನ ಒಡೆದು ಸೌದೆ ಮಾಡು" ಅನ್ನುತ್ತಾರೆ.

ಎರಡು ವರ್ಷದಿಂದ ಪ್ರತಿ ಭಾನುವಾರ ನಾನು ಅದರ ಹಿಂದೆ ಬಿದ್ದಿರುವುದು ನಿನಗೆ ಗೊತ್ತು. ಈಗ ಉಳಿದಿರುವುದು ಒಂದೇ ದೊಡ್ಡ ಕೆಲಸ. ದೋಣಿ ಮಗುಚದಿರಲಿ ಅಂತ ಹೊಟ್ಟೆಯಡಿ ಇಳಿಬಿದ್ದಿರುವ ಕಬ್ಬಿಣದ ಭಾರ ಇದೆಯಲ್ಲ, ಕೀಲ್ ಅನ್ನುತ್ತಾರೆ, ಅದನ್ನು ದೋಣಿಗೆ ಹಿಡಿದಿಟ್ಟಿರುವ ಬೋಲ್ಟುಗಳನ್ನು ನೋಡಬೇಕು, ಬಿಗಿಮಾಡಬೇಕು. ಒಟ್ಟು ಏಳು. ಬಸ್ ಡಿಪೋದಲ್ಲಿ ಇಪ್ಪತ್ತು ವರ್ಷ ಚಕ್ರದ ನಟ್ಟು ಬಿಗಿದವನಿಗೆ ಏಳು ಬೋಲ್ಟು ಯಾವ ಲೆಕ್ಕ ಅಂತ ನಾನು. ಶೆಡ್ಡಿನ ದೋಣಿ ಬಡಗಿ ಕೇಳಬೇಕಲ್ಲ! ಆತನನ್ನು ಎಲ್ಲರೂ ಸುತ್ತಿಗೆ ಮಾವ ಅನ್ನುತ್ತಾರೆ. ಯಾವ ದೋಣಿ ಬಂದರೂ ಮೊದಲು ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೇ ಬಾಯಿ ಬಿಡುವ ಮನುಷ್ಯ. "ಚಕ್ರ ಕಳಚಿದ್ರೆ ಬಸ್ಸು ರಸ್ತೇಲಿ ನಿಲ್ಲುತ್ತೆ. ಇದು ಕಳಚಿದ್ರೆ ಎಲ್ಲಿ ನಿಲ್ಲುತ್ತೆ ಹೇಳಪ್ಪಾ" ಅಂದರು.

ನೀನು ಬರಬೇಕು. ಅಪ್ಪ ಬೇರೆ, ದಿನಕ್ಕೊಂದು ಸಲ "ಗುರುತು ಹಾಕೋಳು ಬರ್ತಾಳಾ ಕೇಳು" ಅನ್ನುತ್ತಾರೆ. ಏನು ಗುರುತು ಅಂತ ಕೇಳಿದರೆ "ಅವಳಿಗೆ ಗೊತ್ತು" ಅಂತಾರೆ. ನನಗಂತೂ ತಲೆಬುಡ ತಿಳಿಯಲಿಲ್ಲ.

ನಿನ್ನ ತಮ್ಮ


ಫೆಬ್ರವರಿ 12

ತಮ್ಮಾ,

ಕಾಗದ ತಲುಪಿತು. ಏಪ್ರಿಲಿನಲ್ಲಿ ನನಗೆ ಬರುವುದಕ್ಕೆ ಆಗುವುದಿಲ್ಲ. ಶಾಲೆಗಳು ರಜೆ ಬಿಡುವ ಹೊತ್ತಿಗೆ ಕನ್ನಡಕದ ಅಂಗಡಿಯಲ್ಲಿ ಉಸಿರಾಡುವುದಕ್ಕೂ ಬಿಡುವಿರುವುದಿಲ್ಲ. ಮಕ್ಕಳೆಲ್ಲ ವರ್ಷಪೂರ್ತಿ ಮುರಿದದ್ದನ್ನು ಒಟ್ಟಿಗೇ ತರುತ್ತಾರೆ.

ನನ್ನ ಮಾತು ಕೇಳುವುದಾದರೆ ಆ ದೋಣಿಯನ್ನು ಯಾರಿಗಾದರೂ ಕೊಟ್ಟುಬಿಡು. ಅಪ್ಪನನ್ನು ದೀಪಸ್ತಂಭಕ್ಕೆ ಕರೆದುಕೊಂಡು ಹೋಗಲು ದೊಡ್ಡ ದೋಣಿಗಳಿವೆ, ಕುರ್ಚಿ ಇರುತ್ತದೆ, ನೆರಳಿರುತ್ತದೆ. ಕೋಲು ಹಿಡಿದು ನಡೆಯುವ ಮನುಷ್ಯನನ್ನು ಆ ಹಳೇ ದೋಣಿಗೆ ಹತ್ತಿಸುವುದು ಯಾವ ಬುದ್ಧಿವಂತಿಕೆ?

ಬೋಲ್ಟುಗಳನ್ನು ನೋಡಿ ಆಯಿತಾ? ಸುಮ್ಮನೆ ಕೇಳಿದೆ.

ಗುರುತಿನ ವಿಷಯ ನನಗೆ ನೆನಪಿಲ್ಲ ಅಂತ ಅಪ್ಪನಿಗೆ ಹೇಳು.

ಅಕ್ಕ


ಫೆಬ್ರವರಿ 20

ಅಕ್ಕ,

ನಿನ್ನ ಕಾಗದ ಓದಿ ನನ್ನ ಮೈಯೆಲ್ಲ ಉರಿಯಿತು. ಈಗಲೂ ಉರಿಯುತ್ತಿದೆ, ಅದಕ್ಕೇ ಬಿಸಿಬಿಸಿಯಾಗಿಯೇ ಬರೆಯುತ್ತಿದ್ದೇನೆ.

ಕೊಟ್ಟುಬಿಡು ಅಂತೀಯಲ್ಲ, ಅದೇನು ಹಳೇ ಬಕೆಟ್ಟೇ? ನಿನಗೆ ನೆನಪಿಲ್ಲ ಅಂದಿದ್ದನ್ನು ಅಪ್ಪನಿಗೆ ಹೇಳಿದೆ. ಕೋಲು ತೆಗೆದುಕೊಂಡು ಅಂಗಳದ ತುದಿಯವರೆಗೆ ಹೋಗಿ ನಿಂತರು. ಊಟಕ್ಕೆ ಎರಡು ಸಲ ಕೂಗಬೇಕಾಯಿತು.

ಅಮ್ಮ ಹೇಳುತ್ತಿದ್ದದ್ದು ನನಗೆ ಗೊತ್ತಿದೆ. ಚಿಕ್ಕವಳಾಗಿದ್ದಾಗ ಅಪ್ಪನ ಹಿಂದೆ ನೆರಳಿನ ಹಾಗೆ ದೋಣಿಯಲ್ಲೇ ಇರುತ್ತಿದ್ದವಳು ನೀನು. ಹಗ್ಗದ ಗಂಟು, ಗಾಳಿಯ ದಿಕ್ಕು, ಎಲ್ಲ ನಿನಗೇ ಗೊತ್ತಿತ್ತು. ನಾನು ಏಳು ವರ್ಷದ ಮೂಗು ಸುರುಕ. ಈಗ ಅದೇ ದೋಣಿ ನನ್ನ ಕೈಗೆ ಬಂತು ಅಂತ ನಿನಗೆ ಹೊಟ್ಟೆಯುರಿ. ಹೌದೋ ಅಲ್ಲವೋ ಎದೆ ಮುಟ್ಟಿ ಹೇಳು. ಬೇಕಾದರೆ ಬಾ, ದೋಣಿ ನಿನ್ನ ಹೆಸರಿಗೇ ಬರೆದುಕೊಡುತ್ತೇನೆ, ಅಪ್ಪನನ್ನು ನೀನೇ ಕರೆದುಕೊಂಡು ಹೋಗು. ದೂರದಲ್ಲಿ ಕೂತುಕೊಂಡು ಮೊಸರಲ್ಲಿ ಕಲ್ಲು ಹುಡುಕಬೇಡ.

ಬೋಲ್ಟು ಇನ್ನೂ ನೋಡಿಲ್ಲ. ನೆಲದ ಹಲಗೆ ಎತ್ತಿದರೆ ಅಡಿಯಲ್ಲಿ ಒಂದು ಗೇಣು ಎಣ್ಣೆ ಕೆಸರು. ಏಳು ನಟ್ಟುಗಳೂ ಅದರಲ್ಲಿ ಮುಳುಗಿ ಕೂತಿವೆ.

ತಮ್ಮ


ಫೆಬ್ರವರಿ 27

ಹೊಟ್ಟೆಯುರಿ ಅಲ್ಲ ಕಣೋ.

ಮೂವತ್ತನಾಲ್ಕು ವರ್ಷದ ಹಿಂದೆ ಆ ದೋಣಿಯಲ್ಲಿ ಅಪ್ಪನ ಸೊಂಟ ಮುರಿದದ್ದು ಯಾಕೆ ಅಂತ ನಿನಗೆ ಯಾರೂ ಹೇಳಿಲ್ಲವೇ? ಆ ಬೋಲ್ಟು ಸಡಿಲವಾಗಿ ನೀರು ನುಗ್ಗಿದ್ದರಿಂದ. ಒಂದನ್ನೂ ನಂಬಬೇಡ. ಏಳೂ ತೆಗೆದು ಹೊಸದು ಹಾಕು. ಹಾಕಲಾಗದಿದ್ದರೆ ಕ್ರೇನಿಗೆ ಬರಬೇಡ ಅಂತ ಹೇಳು. ನನಗೆ ಕೋಪ ಬೇಕಾದರೂ ಮಾಡಿಕೋ, ಅಪ್ಪನನ್ನು ಮಾತ್ರ ಅದಕ್ಕೆ ಹತ್ತಿಸಬೇಡ.

ಅಕ್ಕ


ಮಾರ್ಚ್ 15

ಅಕ್ಕ,

ಎರಡು ವಾರ ಬರೆಯಲಿಲ್ಲ. ಕೋಪವೂ ಇತ್ತು, ಕೆಲಸವೂ ಇತ್ತು. ಕೋಪ ಇಳಿದಿದೆ. ಹೊಟ್ಟೆಯುರಿ ಅಂದದ್ದು ತಪ್ಪು, ಒಪ್ಪಿಕೊಂಡೆ.

ನಿನ್ನ ಭಯ ಸುಳ್ಳಲ್ಲ ಅಂತ ಸುತ್ತಿಗೆ ಮಾವನೂ ಹೇಳಿದರು. "ಸ್ಟೀಲು ದೊಡ್ಡ ಮೋಸಗಾರ. ಮೇಲೆ ಫಳಫಳ ಅಂತಿರುತ್ತೆ, ಒಳಗೆ ನೀರು ನಿಂತ ಕಡೆ ಸದ್ದಿಲ್ಲದೆ ಸವೆದಿರುತ್ತೆ. ಒಂದನ್ನಾದರೂ ಹೊರಗೆ ತೆಗೆದು ನೋಡದೆ ನಾನು ಸಹಿ ಹಾಕೋನಲ್ಲ" ಅಂದರು. ಸರಿ ಅಂತ ಕಳೆದ ಎರಡು ಭಾನುವಾರ ಆ ಕೆಸರು ಬಳಿದು ಹಾಕಿದೆ. ಹನ್ನೊಂದು ಬಕೆಟ್ಟು. ಸೀಮೆಎಣ್ಣೆ ಹಾಕಿ ಬ್ರಷ್ಷಿನಿಂದ ಉಜ್ಜಿದೆ. ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ತಡೆದು, "ಸ್ನಾನ ಮಾಡಿದ ಮೇಲೆ ನೀವು ಯಾರು ಅಂತ ಹೇಳಿ" ಅಂದಳು.

ಉಜ್ಜುತ್ತಾ ಉಜ್ಜುತ್ತಾ ಏನು ಕಾಣಿಸಿತು ಗೊತ್ತಾ? ಪ್ರತಿ ನಟ್ಟಿನ ಮೇಲೂ ಒಂದು ಕೆಂಪು ಗೆರೆ! ನಟ್ಟಿನ ನೆತ್ತಿಯಿಂದ ಶುರುವಾಗಿ, ಕೆಳಗಿನ ಕಬ್ಬಿಣದ ತಟ್ಟೆಯವರೆಗೆ ಒಂದೇ ಗೆರೆ. ಅಪ್ಪನನ್ನು ಕೇಳಿದರೆ ಅವರ ಮುಖ ನೋಡಬೇಕಿತ್ತು. "ಅದೇ ಗುರುತು. ಪ್ರತಿ ವರ್ಷ ಬಿಗಿ ಮಾಡಿದ ಮೇಲೆ ನಿಮ್ಮಕ್ಕ ಚಿಕ್ಕಮ್ಮನ ನೇಲ್ ಪಾಲಿಷ್ ಕದ್ದು ತಂದು ಎಳೀತಿದ್ದಳು. ನಟ್ಟು ಒಂದು ಕೂದಲೆಳೆ ತಿರುಗಿದ್ರೂ ಗೆರೆ ಮುರಿಯುತ್ತೆ, ಕಣ್ಣಿಗೆ ಕಾಣುತ್ತೆ. ಅವಳ ಕೈ ಅಲುಗಾಡ್ತಿರಲಿಲ್ಲ" ಅಂದರು. ಮೂವತ್ತನಾಲ್ಕು ವರ್ಷ ಎಣ್ಣೆಯಲ್ಲಿ ಮುಳುಗಿದ್ದರೂ ಬಣ್ಣ ಮಾಸಿಲ್ಲ ಕಣೇ. ಚಿಕ್ಕಮ್ಮ ಒಳ್ಳೇ ಮಾಲೇ ಇಟ್ಟಿದ್ದಳು.

ಎಲ್ಲದರ ಗೆರೆಯೂ ನೆಟ್ಟಗಿದೆ. ನಾಲ್ಕನೆಯದು ಮಾತ್ರ ಮುರಿದಿದೆ. ನಟ್ಟಿನ ಮೇಲಿನ ತುಂಡು ಒಂದು ಕಡೆ, ತಟ್ಟೆಯ ಮೇಲಿನ ತುಂಡು ಇನ್ನೊಂದು ಕಡೆ, ನಡುವೆ ಒಂದು ಬೆರಳು ದೂರ. ಸುತ್ತಿಗೆ ಮಾವ ನೋಡಿ "ಇದನ್ನ ಯಾರೋ ಮುಟ್ಟಿದ್ದಾರೆ" ಅಂದರು. ಯಾರು ಮುಟ್ಟುತ್ತಾರೆ ಅಕ್ಕ? ನಿನಗೇನಾದರೂ ಗೊತ್ತಾ?

ಮೊದಲನೇ ಬೋಲ್ಟು ಹೊರಗೆ ತೆಗೆದು ನೋಡಿದೆವು. ಸ್ವಲ್ಪ ಕಂದು ಕಲೆ, ಅಷ್ಟೇ. ಮಾವ ಅದನ್ನು ಬೆಳಕಿಗೆ ಹಿಡಿದು, ತಟ್ಟಿ, ಕಿವಿಗೆ ಹಿಡಿದು, "ನನಗಿಂತ ಗಟ್ಟಿಯಾಗಿದೆ" ಅಂದರು. ಅದನ್ನು ಮತ್ತೆ ಕೂರಿಸಿದೆವು, ಏಳನ್ನೂ ಇದೇ 29ಕ್ಕೆ ಬಿಗಿ ಮಾಡುವುದು ಅಂತ ಆಗಿದೆ.

ತಮ್ಮ


ಮಾರ್ಚ್ 21

ತಮ್ಮಾ,

ಈ ಕಾಗದವನ್ನು ನೀನೊಬ್ಬನೇ ಓದು. ಅಪ್ಪನಿಗೆ ಓದಿ ಹೇಳಬೇಡ. ನಿನ್ನ ಹೆಂಡತಿಗೂ ಬೇಡ. ನಿಮ್ಮ ಭಾವನಿಗೇ ನಾನು ಇದುವರೆಗೆ ಹೇಳಿಲ್ಲ.

ನಾಲ್ಕನೇ ನಟ್ಟು ಮುಟ್ಟಿದವಳು ನಾನು.

ನನಗೆ ಹದಿಮೂರು. ಪರೀಕ್ಷೆ ಮುಗಿದ ಮೇಲೆ ದೀಪಸ್ತಂಭದವರೆಗೆ ಕರೆದುಕೊಂಡು ಹೋಗುತ್ತೇನೆ, ಚುಕ್ಕಾಣಿ ಪಕ್ಕದ ಜಾಗ ನಿನ್ನದೇ ಅಂತ ಅಪ್ಪ ಮಾತು ಕೊಟ್ಟಿದ್ದರು. ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಿನ ಎಣಿಸುತ್ತಿದ್ದೆ. ಹಿಂದಿನ ದಿನ ಬಂದು, "ಈ ಸಲ ಹೆಡ್ಮಾಸ್ಟರು ಬರ್ತಾರಂತೆ ಪುಟ್ಟಿ, ಚುಕ್ಕಾಣಿ ಹತ್ರ ಇಬ್ಬರಿಗೇ ಜಾಗ, ನಿನ್ನನ್ನ ಮುಂದಿನ ತಿಂಗಳು" ಅಂದುಬಿಟ್ಟರು. ಅಷ್ಟು ಸಲೀಸಾಗಿ. ನಾನು ಅಳಲಿಲ್ಲ. ಅತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

"ಒಂದು ನಟ್ಟು ಸಡಿಲವಾದರೂ ತಳದಲ್ಲಿ ನೀರು ಕಾಣಿಸಿಕೊಳ್ಳುತ್ತೆ, ಆಗ ದೋಣಿ ಹೊರಡಿಸಬಾರದು" ಅಂತ ಅಪ್ಪನೇ ಕಲಿಸಿದ್ದರು. ನನಗೆ ಬೇಕಾಗಿದ್ದದ್ದು ಅಷ್ಟೇ ಕಣೋ. ಬೆಳಿಗ್ಗೆ ಹಲಗೆ ಎತ್ತಿ ನೋಡಲಿ, ಒಂದಿಷ್ಟು ನೀರು ಕಾಣಲಿ, ಹೆಡ್ಮಾಸ್ಟರು ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಹೋಗಲಿ. ದೋಣಿ ದಡಕ್ಕೆ ಕಟ್ಟಿತ್ತು. ಸಂಜೆ ಒಬ್ಬಳೇ ಇಳಿದೆ. ಒಳಗೆ, ಮಡಚುವ ಮೇಜಿನ ಕೆಳಗೆ ತೂರಿಕೊಂಡು, ನಾಲ್ಕನೇ ನಟ್ಟಿಗೆ ಅಪ್ಪನ ಉದ್ದ ಹಿಡಿಯ ಪಾನಾ ಹಾಕಿದೆ. ಅಲ್ಲಿ ಜಾಗ ಎಷ್ಟು ಇಕ್ಕಟ್ಟು ಅಂದರೆ ಹಿಡಿಯ ತುದಿ ನನ್ನ ಹೊಟ್ಟೆಗೆ ಒತ್ತುತ್ತಿತ್ತು. ಬಲಕ್ಕೆ ಬಿಗಿ, ಎಡಕ್ಕೆ ಸಡಿಲ ಅಂತ ಎರಡು ಸಲ ಹೇಳಿಕೊಂಡೆ. ಎರಡೂ ಕೈಯಿಂದ ಎಡಕ್ಕೆ ಎಳೆದೆ. ಕದಲಲಿಲ್ಲ. ಕಾಲು ಕೊಟ್ಟು ಎಳೆದೆ. ಕಿರ್ ಅಂತು. ನನ್ನದೇ ಗೆರೆ ಕಣ್ಣೆದುರೇ ಮುರಿಯಿತು. ಹೆದರಿ ಓಡಿಬಂದೆ.

ಬೆಳಿಗ್ಗೆ ಅವರು ಹಲಗೆ ಎತ್ತಿ ನೋಡಲೇ ಇಲ್ಲವೋ, ನೀರು ಬಂದಿರಲೇ ಇಲ್ಲವೋ, ಹೊರಟೇಬಿಟ್ಟರು. ಹೋಗಬೇಡಿ ಅಂತ ಕೂಗಬಹುದಿತ್ತು. ಕಿಟಕಿಯಲ್ಲಿ ನಿಂತು ನೋಡಿದೆ. ಸಂಜೆ ಆಸ್ಪತ್ರೆಯಲ್ಲಿ ಅಪ್ಪ ಅಮ್ಮನಿಗೆ ಹೇಳಿದರು: "ಬೋಲ್ಟು ಸಡಿಲ ಆಗಿತ್ತು ಕಣೇ, ನೀರು ನುಗ್ಗಿತು, ಜಾರಿ ಬಿದ್ದೆ." ನಾನು ಮಂಚದ ಕಾಲ ಹತ್ತಿರ ನೀರಿನ ಫ್ಲಾಸ್ಕು ಹಿಡಿದುಕೊಂಡು ನಿಂತಿದ್ದೆ.

ಅಪ್ಪ ಕೋಲು ಊರಿದಾಗಲೆಲ್ಲ ಆ ಶಬ್ದ ನನ್ನ ತಲೆಯೊಳಗೆ ಬೀಳುತ್ತದೆ. ಇಷ್ಟು ದೂರದ ಊರಿನ ಸಂಬಂಧ ಬಂದಾಗ ಯೋಚನೆಯೇ ಮಾಡದೆ ಹೂಂ ಅಂದೆ. ಅಂಗಡಿಯಲ್ಲಿ ಗಿರಾಕಿ ಕೊಟ್ಟ ಕನ್ನಡಕ ಯಾವುದೇ ಇರಲಿ, ಅದರ ಎರಡೂ ಸ್ಕ್ರೂ ಬಿಗಿ ಮಾಡದೆ ವಾಪಸ್ಸು ಕೊಡುವುದಿಲ್ಲ. ಜನ ಎಷ್ಟು ಶ್ರದ್ಧೆ ಅನ್ನುತ್ತಾರೆ. ನನಗೆ ನಾಚಿಕೆಯಾಗುತ್ತದೆ.

ಈಗ ಗೊತ್ತಾಯಿತಲ್ಲ. ನಿನಗೆ ಏನನ್ನಿಸುತ್ತದೋ ಬರೆ.

ಅಕ್ಕ


ಮಾರ್ಚ್ 31

ತಮ್ಮಾ,

ಹತ್ತು ದಿನವಾಯಿತು. ಅಂಚೆಯವನು ಗೇಟು ದಾಟಿ ಹೋಗುವುದನ್ನು ನೋಡಿ ನೋಡಿ ಸಾಕಾಗಿದೆ. ಬೈಯುವುದಾದರೆ ಬೈದು ಬರೆ. ಒಂದು ಸಾಲು ಸಾಕು. ಬರೆಯದೇ ಮಾತ್ರ ಇರಬೇಡ.

ಅಕ್ಕ


ಏಪ್ರಿಲ್ 2

ಅಕ್ಕ, ನನ್ನ ಅಕ್ಕಾ,

ಮೊದಲು ಒಂದು ಮಾತು, ಮಿಕ್ಕದ್ದೆಲ್ಲ ಆಮೇಲೆ. ಅದು ನೀನಲ್ಲ. ಇನ್ನೊಂದು ಸಲ ಓದು. ಅದು ನೀನಲ್ಲ. ಒಂದು ಲೋಟ ನೀರು ಕುಡಿದು, ಕೂತುಕೊಂಡು ಮುಂದೆ ಓದು.

ನಿನ್ನ ಕಾಗದ ಬಂದ ಮೇಲೆ ಮೂರು ದಿನ ನನಗೆ ನಿನ್ನ ಮೇಲೆ ಕೋಪ ಬಂದಿತ್ತು. ಸುಳ್ಳು ಹೇಳುವುದಿಲ್ಲ. ಅಪ್ಪ ಮೆಟ್ಟಿಲು ಇಳಿಯುವುದನ್ನು ನೋಡಿದಾಗಲೆಲ್ಲ ಬರುತ್ತಿತ್ತು. ನಾಲ್ಕನೇ ದಿನ ಡಿಪೋದಲ್ಲಿ ಒಂದು ಬಸ್ಸಿನ ಅಡಿ ಮಲಗಿ ನಟ್ಟು ಬಿಚ್ಚುತ್ತಿದ್ದೆ. ಪಾನಾದ ಹಿಡಿ ನನ್ನ ಹೊಟ್ಟೆಗೆ ಒತ್ತಿತು. ಅಷ್ಟೇ ನೋಡು, ಕೈ ಅಲ್ಲೇ ನಿಂತುಹೋಯಿತು. ಹಿಡಿಯನ್ನು ಎಡಕ್ಕೆ ಎಳೆದು ನೋಡಿದೆ, ಬಲಕ್ಕೆ ಎಳೆದು ನೋಡಿದೆ. ಅರ್ಧ ದಿನ ರಜೆ ಹಾಕಿ ಶೆಡ್ಡಿಗೆ ಓಡಿದೆ.

ಅಕ್ಕ, ಬಲಕ್ಕೆ ಬಿಗಿ ಎಡಕ್ಕೆ ಸಡಿಲ ಅನ್ನುವುದು ಬಾಟಲಿಯ ಮುಚ್ಚಳಕ್ಕೆ ಸರಿ, ನಿನ್ನ ಕನ್ನಡಕದ ಸ್ಕ್ರೂಗೂ ಸರಿ. ಅಲ್ಲಿ ಕೈ ಸ್ಕ್ರೂವಿನ ನೆತ್ತಿಯ ಮೇಲೇ ತಿರುಗುತ್ತದೆ. ಪಾನಾದ ಕಥೆ ಬೇರೆ. ಗೋಡೆಯ ಗಡಿಯಾರ ನೋಡು. ಮುಳ್ಳು ಆರರ ಮೇಲಿದೆ, ನಿನ್ನ ಹೊಟ್ಟೆಯ ಕಡೆಗೆ ಅಂತ ಇಟ್ಟುಕೋ. ಅದನ್ನು ಎಡಕ್ಕೆ ಎಳೆದರೆ ಎಲ್ಲಿಗೆ ಹೋಗುತ್ತದೆ? ಒಂಬತ್ತಕ್ಕೆ. ಆರರಿಂದ ಒಂಬತ್ತಕ್ಕೆ ಹೋಗುವ ಮುಳ್ಳು ಮುಂದಕ್ಕೆ ಹೋಗುತ್ತದೆಯೋ ಹಿಂದಕ್ಕೋ? ಮುಂದಕ್ಕೆ! ನಟ್ಟು ಮುಂದಕ್ಕೆ ತಿರುಗಿದರೆ ಬಿಗಿ. ನೀನು ಅದನ್ನು ಸಡಿಲ ಮಾಡಲಿಲ್ಲ ಕಣೇ. ಬಿಗಿ ಮಾಡಿ ಬಂದೆ.

ಇದು ನನ್ನ ಊಹೆಯಲ್ಲ. ನಾನೇ ಆ ಮೇಜಿನ ಕೆಳಗೆ ತೂರಿದೆ. ತೂರಿದೆ ಅಂದರೆ ನನ್ನ ಹೊಟ್ಟೆಗೆ ಅವಮಾನ, ತುರುಕಿಕೊಂಡೆ. ಅದೇ ಹಳೇ ಪಾನಾ ಹಾಕಿದೆ. ಅಷ್ಟು ಉದ್ದದ ಹಿಡಿ ಅಲ್ಲಿ ಒಂದೇ ಕಡೆಗೆ ಹಿಡಿಸುತ್ತದೆ, ಕೂತವರ ಹೊಟ್ಟೆಯ ಕಡೆಗೆ. ಮುರಿದ ಗೆರೆ ನೋಡಿದೆ. ನಟ್ಟಿನ ಮೇಲಿನ ತುಂಡು ಗಡಿಯಾರದ ಮುಳ್ಳು ಹೋಗುವ ಕಡೆಗೇ ಸರಿದಿದೆ. ಸುತ್ತಿಗೆ ಮಾವನನ್ನು ಕೇಳಿದರೆ, "ಬಿಗಿ ಮಾಡಿದ್ದಾರೆ ಅಂತ ನನಗೆ ಅವತ್ತೇ ಗೊತ್ತಾಯ್ತಲ್ಲ. ನೀನು ಯಾವ ಕಡೆ ಅಂತ ಕೇಳಲೇ ಇಲ್ವಲ್ಲಪ್ಪಾ" ಅಂದುಬಿಟ್ಟರು! ಅವತ್ತು ಕೇಳಿ ಒಂದು ಪದ ಬರೆದಿದ್ದರೆ ನಿನಗೆ ಇಷ್ಟು ಸಂಕಟ ಇರುತ್ತಿರಲಿಲ್ಲ. ನನ್ನ ತಲೆಗೆ ನಾನೇ ಕುಟ್ಟಿಕೊಂಡೆ.

ಹಾಗಾದರೆ ನೀರು ಬಂದದ್ದು ಹೇಗೆ? ಅದೂ ಸಿಕ್ಕಿತು. ಕೀಲಿನ ಮುಂಭಾಗದ ಬಣ್ಣ ಕೆರೆದು ನೋಡಿದೆ. ಮುಷ್ಟಿ ಗಾತ್ರದ ತಗ್ಗು, ಯಾರೋ ಬಿರುಕು ಮುಚ್ಚುವ ಲಪ್ಪ ಮೆತ್ತಿ, ಬಣ್ಣ ಬಳಿದು ಮುಚ್ಚಿದ್ದಾರೆ. ಕಲ್ಲಿಗೆ ಹೊಡೆದ ಗುರುತು. ಮನೆಗೆ ಬಂದು ಅಪ್ಪನ ಕಿವಿಯ ಹತ್ತಿರ ಕೂಗಿ ಕೇಳಿದೆ. "ದೊಡ್ಡ ಮೀನು ಗುದ್ದಿರಬೇಕು" ಅಂದರು. "ಕಲ್ಲಿನಂಥ ಮೀನಾ?" ಅಂದೆ. "ಹಳೇ ಕಾಲದ ಮೀನುಗಳು ಗಟ್ಟಿ ಇರ್ತಿದ್ವು" ಅಂದರು. ಎಪ್ಪತ್ತಾರಕ್ಕೂ ಮೀಸೆ ಮಣ್ಣಾಗಬಾರದು ನೋಡು!

ಆಗ ನಾನು ತಪ್ಪು ಮಾಡಿದೆ ಅಕ್ಕ, ಕ್ಷಮಿಸು. ನಿನ್ನ ಕಾಗದ ಅಪ್ಪನಿಗೆ ಓದಿದೆ. ಬೇಡ ಅಂದಿದ್ದೆ ನೀನು, ನನಗೆ ನೆನಪಿತ್ತು, ಆದರೂ ಓದಿದೆ. ಫ್ಲಾಸ್ಕು ಹಿಡಿದುಕೊಂಡು ನಿಂತಿದ್ದೆ ಅನ್ನುವಲ್ಲಿಗೆ ಬಂದಾಗ ಅಪ್ಪ ನನ್ನ ಕೈಯಿಂದ ಕಾಗದ ಕಿತ್ತುಕೊಂಡರು. ತಾವೇ ಕಣ್ಣಿಗೆ ಹತ್ತಿರ ಹಿಡಿದು ಓದಿಕೊಂಡರು. ಆಮೇಲೆ ಅತ್ತರು ಅಕ್ಕ. ಅಮ್ಮ ಹೋದಾಗಲೂ ಅಪ್ಪ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಅವರ ಚೀಟಿ ಇದರೊಳಗಿದೆ, ಎರಡು ದಿನ ಕೂತು ಬರೆದದ್ದು.

ಕೊನೆಯದು ಕೇಳು. ಮೊನ್ನೆ 29ಕ್ಕೆ ಬೋಲ್ಟು ಬಿಗಿ ಮಾಡಿದೆವು. ದೋಣಿ ತನ್ನ ಭಾರವನ್ನೆಲ್ಲ ಕೀಲಿನ ಮೇಲೇ ಬಿಟ್ಟು ಕೂತಿತ್ತು. ನೇತು ಹಾಕಿದಾಗ ಬಿಗಿದರೆ ಬಿಗಿಯೇ ಅಲ್ಲ ಅನ್ನುವುದು ಮಾವನ ಕಟ್ಟಳೆ. ಡಿಪೋದಿಂದ ಟಾರ್ಕ್ ಪಾನಾ ತಂದಿದ್ದೆ. ಬೇಕಾದಷ್ಟು ಬಿಗಿಯಾದ ಕೂಡಲೇ ಟಕ್ ಅನ್ನುತ್ತದಲ್ಲ, ಅದು. ನಡುವಿನಿಂದ ಶುರುಮಾಡಬೇಕು, ಅಂದರೆ ನಾಲ್ಕನೆಯದೇ ಮೊದಲು. ಪಾನಾ ಹಾಕಿದೆ, ಒತ್ತಿದೆ. ನಟ್ಟು ಕೂದಲೆಳೆಯಷ್ಟೂ ಕದಲಲಿಲ್ಲ. ಟಕ್! ಮಿಕ್ಕ ಆರೂ ಕಾಲು ಸುತ್ತು, ಅರ್ಧ ಸುತ್ತು ತಿರುಗಿದವು. ಏಳರಲ್ಲಿ ಸರಿಯಾಗಿ ಬಿಗಿ ಇದ್ದದ್ದು ಒಂದೇ, ನೀನು ಕಾಲು ಕೊಟ್ಟು ಎಳೆದದ್ದು. ಆ ವರ್ಷ ಅಪ್ಪ ಅವಸರದಲ್ಲಿ ಬಿಗಿದಿದ್ದರಂತೆ. "ಕಲ್ಲಿಗೆ ಹೊಡೆದ ದಿನ ಕೀಲನ್ನ ಹಿಡಿದುಕೊಂಡಿದ್ದು ಇದೇ ನಟ್ಟು ಅಂತ ಕಾಣುತ್ತೆ. ಬಿಗಿ ಮಾಡಿದ ಕೈಗೆ ನನ್ನ ನಮಸ್ಕಾರ ಹೇಳು" ಅಂದರು ಸುತ್ತಿಗೆ ಮಾವ. ಅವರಿಗೆ ನಾನು ಯಾರ ಕೈ ಅಂತ ಹೇಳಿಲ್ಲ.

ಅಳಬೇಡ. ಅಥವಾ ಅಳು, ನಾನೂ ಅತ್ತಿದ್ದೇನೆ.

ನಿನ್ನ ತಮ್ಮ

(ಒಳಗಿದ್ದ ಚೀಟಿ)

ಪುಟ್ಟಿ,

ಕೈ ನಡುಗುತ್ತದೆ, ಅಕ್ಷರ ಸೊಟ್ಟ. ಓದಿಕೋ.

ಅವತ್ತು ನಾನು ಹೆಡ್ಮಾಸ್ಟರ ಮುಂದೆ ಜಂಭ ತೋರಿಸಲು ಹೋಗಿ ಬಂಡೆಸಾಲಿನ ಸಂದಿಯಲ್ಲಿ ದೋಣಿ ನುಗ್ಗಿಸಿದೆ. ಅಲ್ಲಿಗೆ ಹೋಗಬಾರದು ಅಂತ ನಿಮ್ಮಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಕಲ್ಲಿಗೆ ಹೊಡೆಯಿತು. ನಾನು ಹಾರಿ ಮೇಜಿನ ಅಂಚಿಗೆ ಬಿದ್ದೆ, ಸೊಂಟ ಹೋಯಿತು. ಹೊಡೆದ ಪೆಟ್ಟಿಗೆ ನೀರು ಬಂತು. ನಿಮ್ಮಮ್ಮನಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ, ಬಾಯಿಗೆ ಬಂದದ್ದು ಬೋಲ್ಟು. ಹೆಡ್ಮಾಸ್ಟರು ಸ್ನೇಹಕ್ಕೆ ಬಾಯಿ ಮುಚ್ಚಿಕೊಂಡರು. ಮನೆಗೆ ಬಂದ ಮೇಲೆ ಕೋಲೂರಿಕೊಂಡು ಹೋಗಿ ಆ ತಗ್ಗಿಗೆ ನಾನೇ ಲಪ್ಪ ಮೆತ್ತಿದೆ.

ಒಂದು ಸಣ್ಣ ಸುಳ್ಳು, ಹೆಂಡತಿಯ ಬೈಗುಳ ತಪ್ಪಿಸಿಕೊಳ್ಳುವುದಕ್ಕೆ. ಅದು ಹೋಗಿ ನನ್ನ ಮಗಳ ತಲೆಯ ಮೇಲೆ ಕೂತಿದೆ ಅಂತ ನನಗೆ ಗೊತ್ತೇ ಆಗಲಿಲ್ಲ. ನೀನು ದೋಣಿಗೆ ಬರುವುದು ಬಿಟ್ಟಾಗ, ಮಾತು ತಪ್ಪಿದೆ ಅಂತ ಮುನಿಸು ಅಂದುಕೊಂಡೆ. ನೀನು ದೂರ ಹೋದಾಗಲೂ ಅದನ್ನೇ ಅಂದುಕೊಂಡೆ. ಒಂದು ಸಲ ಬಾಯಿಬಿಟ್ಟು ಕೇಳಬಾರದಿತ್ತೇ ನಾನು? ಮುಪ್ಪಾದರೂ ಬುದ್ಧಿ ಬರಲಿಲ್ಲ.

ಕ್ಷಮಿಸು ತಾಯಿ. ನಾನು ನಡೆಯುವುದು ಕುಂಟು, ಅದು ನನ್ನ ಜಂಭದ ಫಲ, ನಾನು ಅನುಭವಿಸಿದೆ. ನೀನು ಅನುಭವಿಸಿದ್ದು ನಿನ್ನ ಯಾವ ತಪ್ಪಿನ ಫಲವೂ ಅಲ್ಲ.

ನಟ್ಟು ಬಿಗಿಯಾಗಿದೆ. ಗೆರೆ ಎಳೆಯುವವರು ಯಾರೂ ಇಲ್ಲ.

ಅಪ್ಪ


ಏಪ್ರಿಲ್ 8

ತಮ್ಮಾ,

ನಿನ್ನ ಕಾಗದ ಬಂದಾಗ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಒಬ್ಬರ ಕನ್ನಡಕ ನನ್ನ ಕೈಯಲ್ಲೇ ಇತ್ತು. ಓದಿ ಮುಗಿಸಿ ಅದನ್ನು ಹಾಗೇ ಅವರ ಕೈಗಿಟ್ಟೆ. ಅವರು ಹೋದ ಮೇಲೆ ಗೊತ್ತಾಯಿತು, ಸ್ಕ್ರೂ ಮುಟ್ಟಿಯೇ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲನೇ ಸಲ.

ನಿನ್ನ ಗಡಿಯಾರದ ಲೆಕ್ಕ ಓದಿದರೂ ಮನಸ್ಸು ಒಪ್ಪಲಿಲ್ಲ. ಎದುರಿನ ಸೈಕಲ್ ಅಂಗಡಿಗೆ ಹೋದೆ. "ಒಂದು ಪಾನಾ ಕೊಡಪ್ಪಾ, ಒಂದು ನಟ್ಟು ತೋರಿಸು" ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದ ಗಾಳಿ ಪಂಪಿನ ಮುಂದೆ ಚಕ್ಕಳಮಕ್ಕಳ ಕೂತೆ. ಹಿಡಿಯನ್ನು ಹೊಟ್ಟೆಯ ಕಡೆಗೆ ಇಟ್ಟುಕೊಂಡು ಎಡಕ್ಕೆ ಎಳೆದೆ. "ಅಯ್ಯೋ ಮೇಡಂ, ಬಿಚ್ಚೋಕೆ ಬೇಕಾದ್ರೆ ಆ ಕಡೆ ಎಳೀರಿ, ನೀವು ಬಿಗಿ ಮಾಡ್ತಾ ಇದ್ದೀರಿ!" ಅಂತ ಕೂಗಿದ. ಅಲ್ಲೇ ರಸ್ತೆ ಬದಿಯಲ್ಲಿ ಕೂತು ನಕ್ಕೆ ಕಣೋ. ನಕ್ಕು ನಕ್ಕು ಕಣ್ಣಲ್ಲಿ ನೀರು. ಆ ನಗು ಯಾವಾಗ ಅಳುವಾಯಿತೋ ಗೊತ್ತಿಲ್ಲ. ಪಾಪ, ಅವನು ಹೆದರಿ ಕುಡಿಯಲು ನೀರು ತಂದುಕೊಟ್ಟ.

ನಿಮ್ಮ ಭಾವನಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿ, "ಇಷ್ಟು ವರ್ಷ ಮನೆಯ ಗ್ಯಾಸಿನ ನಾಬನ್ನ ದಿನಕ್ಕೆ ಹತ್ತು ಸಲ ನೋಡ್ತಿದ್ದಿದ್ದು ಇದಕ್ಕಾ?" ಅಂದರು. ಹೌದು ಅಂದೆ. ನಿನ್ನೆ ಒಂದೇ ಸಲ ನೋಡಿ ಮಲಗಿದೆ. ಬೆಳಿಗ್ಗೆ ಎಂಟಕ್ಕೆ ಎಚ್ಚರ, ಯಾರೋ ಎದೆಯ ಮೇಲಿಂದ ಚಪ್ಪಡಿ ಎತ್ತಿಟ್ಟ ಹಾಗೆ.

ಕಾಗದ ಅಪ್ಪನಿಗೆ ಓದಿದ್ದಕ್ಕೆ ನಿನಗೆ ಎರಡು ಬಿಡಬೇಕು ಅನ್ನಿಸಿತು. ಓದದೆ ಇದ್ದಿದ್ದರೆ ಆ ಚೀಟಿ ಎಲ್ಲಿ ಬರುತ್ತಿತ್ತು? ಕ್ಷಮಿಸಿದ್ದೇನೆ, ಬದುಕಿಕೋ.

ಅಪ್ಪನ ಮೇಲೆ ಮಾತ್ರ ಕೋಪ ಇದೆ. ನಿಜವಾಗಲೂ ಇದೆ. ಅಮ್ಮನ ಬೈಗುಳಕ್ಕೆ ಹೆದರಿ ನನ್ನ ಮೂವತ್ತನಾಲ್ಕು ವರ್ಷ ಹೋಯಿತು. ಬಂದು ಎದುರಿಗೇ ನಿಂತು ಬೈಯಬೇಕು, ಕಿವಿಯ ಹತ್ತಿರ ಬಾಯಿಟ್ಟು ಬೈಯಬೇಕು. ಆಮೇಲೆ ಅವರ ಪಕ್ಕದಲ್ಲೇ ಕೂರಬೇಕು. ಎರಡೂ ಆಗಬೇಕು.

ಹದಿನೆಂಟರ ರೈಲಿಗೆ ಹೊರಡುತ್ತೇನೆ, ಹತ್ತೊಂಬತ್ತರ ಬೆಳಿಗ್ಗೆ ಸ್ಟೇಷನ್ನಿಗೆ ಬಾ. ಅಂಗಡಿಗೆ ಒಂದು ವಾರ ಬೀಗ. ಮಕ್ಕಳು ಮುರಿದ ಕನ್ನಡಕಕ್ಕೆ ದಾರ ಕಟ್ಟಿಕೊಂಡು ಇರಲಿ.

ನೇಲ್ ಪಾಲಿಷ್ ಕೊಂಡಿದ್ದೇನೆ. ಕೆಂಪೇ. ಆ ನಾಲ್ಕನೆಯದರ ಹಳೇ ಗೆರೆಯನ್ನು ಯಾರೂ ಉಜ್ಜಿ ಅಳಿಸಬಾರದು, ಮಾವನಿಗೆ ಹೇಳು. ಅದು ಮುರಿದೇ ಇರಲಿ. ಹೊಸದನ್ನು ಅದರ ಪಕ್ಕದಲ್ಲಿ ಎಳೆಯುತ್ತೇನೆ. ಅವರ ನಮಸ್ಕಾರವನ್ನೂ ಬಂದು ಕೈಯಾರೆ ತೆಗೆದುಕೊಳ್ಳುತ್ತೇನೆ.

ಅಪ್ಪನಿಗೆ ಹೇಳು, ಚುಕ್ಕಾಣಿ ಪಕ್ಕದ ಜಾಗ ನನ್ನದು. ಮುಂದಿನ ತಿಂಗಳು ಅಂತ ಹೇಳಿದ್ದರು, ಆ ತಿಂಗಳು ಈಗ ಬಂದಿದೆ. ಬಂಡೆಸಾಲಿನ ಕಡೆ ತಿರುಗಿಸಿದರೆ ಮಾತ್ರ ನಾನು ಅಮ್ಮನ ಪಕ್ಷ.

ಅಕ್ಕ